ಮಳೆಗಾಲದ ಪಾದಕ್ಕೆ ಮದರಂಗಿ

ಪ್ರಶ್ನೆ: ನಮ್ಮದು ಸಾಗರದ ಹತ್ತಿರದ ಹಳ್ಳಿ. ನಮ್ಮತ್ತೆ ನೆಟ್ಟಿ ದಿನಗಳಲ್ಲಿ ಮದರಂಗಿ ಸೊಪ್ಪು ಅರೆದು ಕಾಲಿಗೆ ಹಚ್ಚಿಕೊಳ್ಳುತ್ತಿದ್ದರು. ಅದರಿಂದ ಚರ್ಮಕ್ಕೆ ನಿಜವಾಗಿ ಒಳ್ಳೆಯದಾಗುತ್ತದೆಯೇ? ಮೊಡವೆಗೆ ಮುಖಕ್ಕೂ ಹಚ್ಚಬಹುದೇ ಎಂದು ಮಗಳು ಕೇಳುತ್ತಾಳೆ. ಮನೆ ಪಕ್ಕ ಒಂದು ಗಿಡ ಬೆಳೆಸಬೇಕೆಂದಿದ್ದೇವೆ, ಹೇಗೆ?

ಉತ್ತರ: ನಿಮ್ಮತ್ತೆಯವರು ಮಾಡುತ್ತಿದ್ದುದು ಸರಿ. ಮದುವೆಮನೆಯ ಚಿತ್ತಾರದಿಂದಾಗಿ ಮದರಂಗಿ ಎಂದರೆ ಬರೀ ಅಲಂಕಾರ ಎಂದು ನಾವು ತಿಳಿದುಬಿಟ್ಟಿದ್ದೇವೆ. ಆದರೆ ಆಷಾಢದಲ್ಲಿ, ದಿನವಿಡೀ ಕೆಸರಲ್ಲಿ ನಿಂತು ಸಸಿ ನೆಡುವ ಹೆಂಗಸರು ಅಂಗೈ ಅಂಗಾಲಿಗೆ ಅದನ್ನು ಹಚ್ಚಿಕೊಳ್ಳುತ್ತಿದ್ದುದು ಚಂದಕ್ಕಷ್ಟೇ ಅಲ್ಲ.

ಎಲೆಯಲ್ಲಿ ಬಣ್ಣ ತಯಾರಾಗಿ ಕೂತಿರುವುದಿಲ್ಲ. ಎಲೆ ಅರೆದು, ಸ್ವಲ್ಪ ಹುಳಿ ತಾಗಿದಾಗ ಲಾಸೋನ್ ಎಂಬ ವಸ್ತು ಬಿಡುಗಡೆಯಾಗುತ್ತದೆ. ಅರೆದ ಮುದ್ದೆಯನ್ನು ಕೊಂಚ ಹೊತ್ತು ಹಾಗೇ ಬಿಟ್ಟು ನೋಡಿ: ಗಾಳಿ ತಾಗಿದ ಮೇಲ್ಮೈ ಕಂದಾಗಿರುತ್ತದೆ, ಬೆರಳಿಂದ ಕೆದಕಿದರೆ ಒಳಗೆ ಇನ್ನೂ ಹಸಿರು. ಈ ಲಾಸೋನ್ ಚರ್ಮದ ಹೊರಪದರದಲ್ಲಿರುವ ಕೆರಾಟಿನ್ ಎಂಬ ಪ್ರೋಟೀನಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಎಷ್ಟು ತೊಳೆದರೂ ಹೋಗುವುದಿಲ್ಲ. ಆ ಪದರ ತಾನಾಗಿ ಸವೆದು ಉದುರುವಾಗ, ಒಂದರಿಂದ ಮೂರು ವಾರದಲ್ಲಿ, ಜೊತೆಗೇ ಹೋಗುತ್ತದೆ. ಅಂಗೈ ಅಂಗಾಲುಗಳಲ್ಲಿ ಈ ಪದರ ದಪ್ಪ. ಬಣ್ಣ ಅಲ್ಲೇ ಹೆಚ್ಚು ಕಟ್ಟುವುದು ಅದಕ್ಕೇ. ಶಿಲೀಂಧ್ರಗಳ ಬೆಳವಣಿಗೆಯನ್ನು ತಡೆಯುವ ಗುಣ ಲಾಸೋನ್‌ಗೆ ಇದೆ. ಎಲೆಯ ಟ್ಯಾನಿನ್ ನೀರು ಕುಡಿದು ಮೆತ್ತಗಾದ ಚರ್ಮವನ್ನು ಬಿಗಿಗೊಳಿಸುತ್ತದೆ. ಬೆರಳ ಸಂದಿ ಬೆಳ್ಳಗೆ ನೆನೆದು ಕೆಸರುಹುಣ್ಣಾಗುವ ಕಾಲಕ್ಕೆ ಬೇಕಾದದ್ದು ಇವೆರಡೇ. (ಲಾಸೋನ್ ಎಂಬ ಹೆಸರಿನ ಹಿಂದೆ ಐಸಾಕ್ ಲಾಸನ್ ಎಂಬ ಸ್ಕಾಟ್ಲೆಂಡಿನ ವೈದ್ಯನಿದ್ದಾನೆ. 1735ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ತನ್ನ ಮೊದಲ ದೊಡ್ಡ ಗ್ರಂಥ ಅಚ್ಚು ಹಾಕಿಸಲು ನೆರವಾದವರಲ್ಲಿ ಅವನೊಬ್ಬ. ಆ ಋಣಕ್ಕೆ ಮದರಂಗಿ ಕುಲಕ್ಕೆ ಲಾಸೋನಿಯಾ ಎಂದು ಹೆಸರಾಯಿತು.)

ಹಚ್ಚುವ ಕ್ರಮ ಸರಳ. ಹೊಸ ಚಿಗುರಿನ, ಆದರೆ ತೀರಾ ಎಳತಲ್ಲದ ಎಲೆ ತಂದು, ನಾಲ್ಕು ಹನಿ ಲಿಂಬೆರಸವನ್ನೋ ಹುಳಿ ಮಜ್ಜಿಗೆಯನ್ನೋ ಹಾಕಿ ನುಣ್ಣಗೆ ಅರೆಯಿರಿ. ರಾತ್ರಿ ಕಾಲು ತೊಳೆದು, ಬೆರಳ ಸಂದಿಯನ್ನು ಬಟ್ಟೆಯಲ್ಲಿ ಪೂರ್ತಿ ಒರೆಸಿಕೊಂಡು, ಸಂದಿಗೂ ಹಿಮ್ಮಡಿಗೂ ಹಚ್ಚಿ ಮೂರ್ನಾಲ್ಕು ಗಂಟೆ ಬಿಡಿ. ಮದರಂಗಿ ಚರ್ಮವನ್ನು ಒಣಗಿಸುತ್ತದೆ, ಹಾಗಾಗಿ ತೊಳೆದ ಮೇಲೆ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಸವರಲೇಬೇಕು. ಬೆರಳ ಸಂದಿಗೆ ಮಾತ್ರ ಎಣ್ಣೆ ಬೇಡ, ಅಲ್ಲಿ ಒಣಗಿರುವುದೇ ಒಳ್ಳೆಯದು. ಇದು ಮುಂಜಾಗ್ರತೆಯ ಮದ್ದು. ಒಡಕಿನಿಂದ ರಕ್ತ ಜಿನುಗುತ್ತಿದ್ದರೆ, ಕೀವಾಗಿದ್ದರೆ, ಹುಳುಕಡ್ಡಿ ಉಂಗುರದಂತೆ ಹರಡುತ್ತಿದ್ದರೆ ಸೊಪ್ಪನ್ನು ನಂಬಿ ಕೂರಬೇಡಿ. ಸಕ್ಕರೆ ಕಾಯಿಲೆ ಇರುವವರು ಪಾದಕ್ಕೆ ಹಚ್ಚದಿರುವುದೇ ಮೇಲು: ಗಾಯದ ಸುತ್ತಲಿನ ಕೆಂಪು ಮದರಂಗಿಯ ಕೆಂಪಿನಲ್ಲಿ ಮುಚ್ಚಿಹೋಗಿ, ಸೋಂಕು ಏರಿದ್ದು ಗೊತ್ತೇ ಆಗದಿರಬಹುದು.

ಮಗಳಿಗೆ ಹೇಳಿ, ಮುಖಕ್ಕೆ ಖಂಡಿತ ಬೇಡ. ಕಿತ್ತಳೆ ಕಲೆ ದಿನಗಟ್ಟಲೆ ಉಳಿಯುತ್ತದೆ, ಮುಖದ ತೆಳು ಚರ್ಮ ಒಣಗಿ ಬಿಗಿಯುತ್ತದೆ. ಮೊಡವೆಗೆ ಇದು ಮದ್ದಲ್ಲ.

ಇನ್ನು ಗಿಡದ ವಿಷಯ. ಬೀಜ ಸಾಸಿವೆಗಿಂತ ಚಿಕ್ಕದು, ಸಿಪ್ಪೆ ಗಡಸು. ದಿನವೂ ನೀರು ಬದಲಿಸುತ್ತ ವಾರಕ್ಕೂ ಹೆಚ್ಚು ನೆನೆಸಿ ಬಿತ್ತಬೇಕಾಗುತ್ತದೆ. ಒಂದೆರಡು ಗಿಡಕ್ಕೆ ಆ ಪಾಡು ಯಾಕೆ? ಪೆನ್ಸಿಲ್ ದಪ್ಪದ ಬಲಿತ ಕಡ್ಡಿಯನ್ನು ಗೇಣುದ್ದ ಕತ್ತರಿಸಿ, ಅರ್ಧ ಮಣ್ಣೊಳಗಿರುವಂತೆ ಊರಿದರೆ ಬೇರು ಬಿಡುತ್ತದೆ. ಆದರೆ ಕಡ್ಡಿ ತರುವ ಮುಂಚೆ ಅದು ಮದರಂಗಿಯೇ ಎಂದು ನೋಡಿಕೊಳ್ಳಿ. ಬೇಲಿಗೆ ಹಾಕುವ ಡ್ಯುರಾಂಟಾ ಗಿಡವನ್ನು ಕೆಲವರು ಮೆಹಂದಿ ಬೇಲಿ ಎನ್ನುತ್ತಾರೆ. ಅದರ ಹಣ್ಣು ವಿಷ. ಎರಡು ಎಲೆ ಕಿವುಚಿ ಲಿಂಬೆ ಹನಿಯೊಂದಿಗೆ ಅಂಗೈಯಲ್ಲಿ ಅರ್ಧ ಗಂಟೆ ಹಿಡಿದುಕೊಳ್ಳಿ. ಕಿತ್ತಳೆ ಬಣ್ಣ ಹತ್ತಿದರೆ ಮದರಂಗಿ.

ಮದರಂಗಿ ಬಿಸಿಲು ನಾಡಿನ ಗಿಡ. ದೇಶದ ಮದರಂಗಿ ವ್ಯಾಪಾರದ ಕೇಂದ್ರ ರಾಜಸ್ಥಾನದ ಪಾಲಿ ಜಿಲ್ಲೆಯ ಸೋಜತ್. ಅಲ್ಲಿನ ಬೆಳೆಗೆ 2021ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿತು. ಕಡಿಮೆ ಮಳೆ, ಉರಿಬಿಸಿಲು ಇದ್ದಷ್ಟೂ ಎಲೆಗೆ ಬಣ್ಣ ಜಾಸ್ತಿ. ನಿಮ್ಮ ಕಡೆ ಗಿಡ ಹುಲುಸಾಗಿ ಬೆಳೆದೀತು, ಬಣ್ಣ ಮಂದವಾದೀತು. ಹಾಗಾಗಿ ಅಡಿಕೆ ಮರದ ನೆರಳಿಗೆ ಹಾಕಬೇಡಿ. ಅಂಗಳದಂಚಲ್ಲಿ, ದಿನವಿಡೀ ಬಿಸಿಲು ಬೀಳುವ, ನೀರು ನಿಲ್ಲದ ಎತ್ತರದ ಜಾಗ ನೋಡಿ, ಮಣ್ಣಿಗೆ ಮರಳು ಬೆರೆಸಿ ನೆಡಿ. ಗೊಬ್ಬರದ ಆರೈಕೆ ಹೆಚ್ಚು ಬೇಡ. ವರ್ಷಕ್ಕೊಮ್ಮೆ ಸವರಿದರೆ ಹೊಸ ಚಿಗುರು ತುಂಬಿಕೊಳ್ಳುತ್ತದೆ. ಹಳೆಯ ಗಿಡದ ಕೊಂಬೆತುದಿ ಮುಳ್ಳಾಗುತ್ತದೆ, ಕೊಯ್ಯುವಾಗ ಜೋಕೆ. ಏಪ್ರಿಲ್, ಮೇ ಬಿಸಿಲಲ್ಲಿ ಬೆಳೆದ ಎಲೆಯನ್ನು ಕೊಯ್ದು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ ಬಿಗಿ ಡಬ್ಬಿಯಲ್ಲಿಟ್ಟರೆ ಮಳೆಗಾಲಕ್ಕೆ ಒದಗುತ್ತದೆ.

ಸ್ವಂತ ಗಿಡ ಬೇಕು ಎಂದು ನಾನು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ‘ಕಪ್ಪು ಮೆಹಂದಿ’ ಎಂದು ಮಾರುವ ಕೋನ್‌ಗಳಲ್ಲಿ ಪಿಪಿಡಿ ಎಂಬ ಕೂದಲ ಬಣ್ಣದ ರಾಸಾಯನಿಕ ಬೆರೆಸಿರುವುದುಂಟು. ಅದರಿಂದ ಚರ್ಮದಲ್ಲಿ ನೀರುಗುಳ್ಳೆ ಏಳಬಹುದು. ಒಮ್ಮೆ ಅಲರ್ಜಿ ಹತ್ತಿದರೆ ಆ ಮನುಷ್ಯ ಜೀವನವಿಡೀ ಕೂದಲ ಡೈ ಮುಟ್ಟುವಂತಿರುವುದಿಲ್ಲ. ಸೊಪ್ಪಿನ ಮದರಂಗಿ ತೆಗೆದಾಗ ಕಿತ್ತಳೆ, ಒಂದೆರಡು ದಿನದಲ್ಲಿ ಕಡುಗೆಂಪು. ಅರ್ಧ ಗಂಟೆಯಲ್ಲಿ ಕಪ್ಪಾಗುವಂಥದ್ದು ಬರೀ ಮದರಂಗಿಯಲ್ಲ.

ಶುದ್ಧ ಸೊಪ್ಪೂ ಹಸುಗೂಸುಗಳಿಗೆ ಬೇಡ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಲ್ಲಿ ಲಾಸೋನ್ ಚರ್ಮದ ಮೂಲಕ ರಕ್ತ ಸೇರಿ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಎಳೆಯ ಮಕ್ಕಳ ಜೀವಕ್ಕೇ ಅಪಾಯವಾದದ್ದಿದೆ. ನಾಮಕರಣ, ತೊಟ್ಟಿಲು ಶಾಸ್ತ್ರ ಎಂದು ಮಗುವಿನ ಕೈಗೆ ಯಾರಾದರೂ ಮದರಂಗಿ ಹಚ್ಚಲು ಬಂದರೆ, ಹಿರಿಯರೇ ಆಗಿರಲಿ, ದಯವಿಟ್ಟು ಬೇಡ ಎನ್ನಿ.