ಮಾಗಿಯ ಕಾಲದಲ್ಲಿ ಕುದುರೆಗೆ ಹುರುಳಿ, ಬೆಲ್ಲ, ಕಬ್ಬು

ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ಜಟಕಾ ಬಂಡಿಗಳು ಈಗ ವಿರಳವಾಗಿವೆ. ಆದರೂ ಮಾಗಿಯ ಚಳಿ ಬಿದ್ದೊಡನೆ ಕುದುರೆಗೆ ಬೇಯಿಸಿದ ಹುರುಳಿಯೊಡನೆ ಬೆಲ್ಲವನ್ನು ಕಲಸಿ ಕೊಡಬೇಕೆಂಬ ಮಾತು ಉಳಿದುಬಂದಿದೆ. ಇದರಲ್ಲಿ ಸರಿಯಾದುದೆಷ್ಟು, ಅಪಾಯವೆಷ್ಟು ಎಂಬುದನ್ನು ಕುದುರೆ ಸಾಕುವವರು ತಿಳಿದಿರತಕ್ಕದ್ದು.

ಕುದುರೆಯ ಮೈಗೆ ಕಾವು ಕೊಡುವುದು ಮುಖ್ಯವಾಗಿ ಬೆಲ್ಲವಲ್ಲ, ಹುಲ್ಲು. ದನದ ಮೇವು ಮೊದಲು ದೊಡ್ಡ ಹೊಟ್ಟೆಯಲ್ಲಿ ಹುದುಗಿ ಮೆಲುಕಿಗೆ ಬರುವುದು. ಕುದುರೆಯ ಹೊಟ್ಟೆಯಾದರೋ ಚಿಕ್ಕದು, ಹುಲ್ಲಿನ ನಾರು ಹುದುಗುವುದು ಹಿಂದಿನ ದೊಡ್ಡ ಕರುಳಿನಲ್ಲಿ. ಆ ಹುದುಗುವಿಕೆಯಿಂದ ಶಾಖವು ಹುಟ್ಟುವುದು. ಆದುದರಿಂದ ಚಳಿಯ ರಾತ್ರಿ ಒಂದು ಹಿಡಿ ಗರಿಕೆ ಅಥವಾ ಬೂಸಲು ಹಿಡಿಯದ ಒಣಹುಲ್ಲನ್ನು ಹೆಚ್ಚಾಗಿ ಹಾಕುವುದು ಬೆಲ್ಲದ ಅಚ್ಚಿಗಿಂತ ಮೇಲು. 250 ಕಿಲೋ ತೂಗುವ ತಟ್ಟುವಿಗೆ ದಿನಕ್ಕೆ 4ರಿಂದ 5 ಕಿಲೋ ಒಣಮೇವು ಬೇಕು.

ಹುರುಳಿಯು ಈ ಸೀಮೆಯ ಕೆಂಪು ಬೆದ್ದಲುಗಳ ಬೆಳೆ. ಅದರಲ್ಲಿ ನೂರಕ್ಕೆ ಸುಮಾರು 22 ಪಾಲು ಸಸಾರಜನಕವಿದೆ. ಹಸಿಯ ಹುರುಳಿಯಲ್ಲಿ ಜೀರ್ಣಕ್ಕೆ ಅಡ್ಡಿಯಾಗುವ ಅಂಶವಿರುವುದರಿಂದ ರಾತ್ರಿ ನೆನೆಹಾಕಿ, ಬೆರಳಿಗೆ ಹಿಸುಕಿದರೆ ನುಣ್ಣಗಾಗುವಂತೆ ಬೇಯಿಸಬೇಕು. ಕಟ್ಟನ್ನು ಮನೆಯವರು ಸಾರಿಗೆ ಬಸಿದುಕೊಂಡು ಕಾಳನ್ನು ಕುದುರೆಗೆ ಹಾಕುವುದು ಜಾಣತನವೇ ಸರಿ. ಒಂದು ಹೊತ್ತಿಗೆ ಒಣಗಿನ ತೂಕದಲ್ಲಿ ಒಂದು ಕಿಲೋ ಮೀರಕೂಡದು. ಹಿಂದಿನ ದಿನದ ಹುಳಿತ ಹುರುಳಿಯನ್ನು ಚೆಲ್ಲತಕ್ಕದ್ದು.

ಬೆಲ್ಲವು ನಿಂಬೆಹಣ್ಣಿನ ಗಾತ್ರಕ್ಕೆ ಮೀರದಿರಲಿ. ಮಂಡ್ಯದಲ್ಲಿ 1933ರಲ್ಲಿ ಸಕ್ಕರೆ ಕಂಪನಿಯು ಸ್ಥಾಪಿತವಾದಂದಿನಿಂದಲೂ ಕಬ್ಬಿಗೆ ಬರವಿಲ್ಲ. ಆಲೆಮನೆಯ ಬಳಿ ಬೆಲ್ಲಕ್ಕೂ ಬರವಿಲ್ಲ. ಸಂಕ್ರಾಂತಿಯ ದಿನ ಮಕ್ಕಳು ಮನೆಮನೆಯಿಂದ ತಂದ ಎಳ್ಳುಬೆಲ್ಲ, ಪೊಂಗಲು, ಕಬ್ಬು ಇವೆಲ್ಲವನ್ನೂ ಪ್ರೀತಿಯಿಂದ ಒಂದೇ ಕುದುರೆಗೆ ತಿನ್ನಿಸುವುದುಂಟು. ಅಪಾಯವಿರುವುದು ಇಲ್ಲಿಯೇ. ಸಿಹಿಯೂ ಪಿಷ್ಟವೂ ಒಮ್ಮೆಲೇ ಹಿಂಗರುಳನ್ನು ಸೇರಿದರೆ ಅಲ್ಲಿ ಹುಳಿಯೇರಿ ಹೊಟ್ಟೆಶೂಲೆಯಾಗಲಿ, ಗೊರಸಿನ ಒಳಗಿನ ಉರಿಯೂತವಾಗಲಿ ಉಂಟಾಗುವುದು. ಕುದುರೆಯು ವಾಂತಿ ಮಾಡಲಾರದು. ತಿಂದದ್ದನ್ನು ಹೊರಹಾಕಲು ಅದಕ್ಕೆ ದಾರಿಯಿಲ್ಲ. ಕಬ್ಬನ್ನು ಗುಂಡುಗುಂಡಾಗಿ ಕತ್ತರಿಸದೆ ಉದ್ದಕ್ಕೆ ಸೀಳಿ ಒಂದೆರಡು ಸೀಳು ಕೊಟ್ಟರೆ ಸಾಕು. ಗುಂಡು ತುಂಡು ಗಂಟಲಿಗೆ ಸಿಕ್ಕಿಕೊಳ್ಳಬಹುದು.

ಚಳಿಯಲ್ಲಿ ಕುದುರೆಯು ನೀರನ್ನು ಕಡಮೆ ಕುಡಿಯುವುದು. ಇದರಿಂದ ಲದ್ದಿ ಗಟ್ಟಿಯಾಗುವುದುಂಟು. ಉಗುರುಬೆಚ್ಚಗಿನ ನೀರನ್ನು ಇಡುವುದು ಲೇಸು.

ಕುದುರೆಯು ನೆಲವನ್ನು ಕೆರೆದು, ಪಕ್ಕೆಯ ಕಡೆ ತಿರುಗಿ ನೋಡುತ್ತಾ ಹೊರಳಿದರೆ, ಅಥವಾ ಗೊರಸು ಬಿಸಿಯಾಗಿ ಹೆಜ್ಜೆಯಿಡಲು ಹಿಂಜರಿದರೆ, ಕೂಡಲೇ ಮೇವನ್ನು ತೆಗೆದು ಪಶುವೈದ್ಯರನ್ನು ಕರೆತರತಕ್ಕದ್ದು. ಗೊಟ್ಟದಲ್ಲಿ ಎಣ್ಣೆಯನ್ನಾಗಲಿ ಕಷಾಯವನ್ನಾಗಲಿ ಬಲವಂತವಾಗಿ ಹೊಯ್ಯಕೂಡದು. ಅದು ಶ್ವಾಸಕೋಶಕ್ಕೆ ಇಳಿದು ಕುದುರೆಯು ಸಾಯಬಹುದು.