ಪ್ರಧಾನಮಂತ್ರಿಯ ಪದವಿಯೂ ಲೋಕಸಭೆಯ ವಿಶ್ವಾಸವೂ

ಪೌರನೀತಿಯ ಪಾಠ ನಡೆದಿದ್ದಾಗ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, “ಗುರುಗಳೇ, ಹರದನಹಳ್ಳಿಯ ರೈತರ ಮಗ ದೇವೇಗೌಡರು ಪ್ರಧಾನಿಯಾದರು. ವರ್ಷ ತುಂಬುವ ಮೊದಲೇ ಅವರನ್ನು ಇಳಿಸಿದರೇಕೆ?” ಎಂದು ಕೇಳಿದನು. ಕನ್ನಡ ನಾಡಿನಿಂದ ಬಂದು ಬಾಲಾನಗರದಲ್ಲಿ ನೆಲಸಿರುವ ನಮಗೆ ಆ ಪ್ರಶ್ನೆಯಲ್ಲಿ ಸ್ವಲ್ಪ ನೋವೂ ಕೇಳಿಸಿತು. ಇದಕ್ಕೆ ಉತ್ತರವನ್ನು ನಾವು ಸಂವಿಧಾನದಲ್ಲಿಯೇ ಹುಡುಕಬೇಕು.

ರಾಷ್ಟ್ರಪತಿಗಳು ರಾಷ್ಟ್ರದ ಮುಖ್ಯಸ್ಥರು. ಅವರು ನಡೆಯುವುದು ಮಂತ್ರಿಮಂಡಲದ ಸಲಹೆಯಂತೆ. ೭೪ನೆಯ ಅನುಚ್ಛೇದದ ಪ್ರಕಾರ ಪ್ರಧಾನಮಂತ್ರಿಯೇ ಆ ಮಂಡಲಕ್ಕೆ ಮುಖ್ಯಸ್ಥ. ಇತರ ಮಂತ್ರಿಗಳ ನೇಮಕ ಅವನ ಸಲಹೆಯಂತೆ ಆಗುತ್ತದೆ. ಅವನು ರಾಜೀನಾಮೆಯಿತ್ತರೆ ಮಂಡಲವೇ ಕಳಚಿಬೀಳುತ್ತದೆ. ಇಷ್ಟು ದೊಡ್ಡ ಅಧಿಕಾರಕ್ಕೆ ಕಡಿವಾಣ ಬೇಡವೆ? ೭೫ನೆಯ ಅನುಚ್ಛೇದವು ಅದನ್ನು ಹಾಕಿದೆ: ಮಂತ್ರಿಮಂಡಲವು ಒಟ್ಟಾಗಿ ಲೋಕಸಭೆಗೆ ಹೊಣೆ. ಸಭೆಯ ವಿಶ್ವಾಸವಿರುವವರೆಗೆ ಮಾತ್ರ ಪದವಿ.

ಪ್ರಧಾನಿಯಾಗುವ ದಿನ ಸಂಸತ್ತಿನ ಸದಸ್ಯನಾಗಿರಲೇಬೇಕೆಂಬ ನಿಯಮವಿಲ್ಲ. ಆರು ತಿಂಗಳೊಳಗಾಗಿ ಆಗಬೇಕು. ನಾವು ಬಾಳುತ್ತಿರುವ ತೆಲಂಗಾಣದ ಪಿ. ವಿ. ನರಸಿಂಹರಾಯರು ೧೯೯೧ರ ಜೂನ್‌ನಲ್ಲಿ ಪ್ರಧಾನಿಯಾಗಿ, ನವೆಂಬರ್‌ನಲ್ಲಿ ನಂದ್ಯಾಲದಿಂದ ಲೋಕಸಭೆಗೆ ಆರಿಸಿ ಬಂದರು. ೧೯೯೬ರ ಜೂನ್ ೧ರಂದು ಪ್ರಮಾಣವಚನ ಸ್ವೀಕರಿಸಿದ ದೇವೇಗೌಡರು ಸೆಪ್ಟೆಂಬರ್‌ನಲ್ಲಿ ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾದರು.

ಗೌಡರ ಜನತಾದಳಕ್ಕೆ ಲೋಕಸಭೆಯಲ್ಲಿದ್ದ ಸ್ಥಾನಗಳು ೪೬ ಮಾತ್ರ. ಸಂಯುಕ್ತ ರಂಗದ ಇತರ ಪಕ್ಷಗಳು ಅವರನ್ನು ನಾಯಕರೆಂದು ಒಪ್ಪಿದವು. ಕಾಂಗ್ರೆಸ್ಸು ಹೊರಗಿನಿಂದ ಬೆಂಬಲವಿತ್ತಿತು. ೧೯೯೭ರ ಮಾರ್ಚ್ ಕೊನೆಯಲ್ಲಿ ಆ ಬೆಂಬಲವು ತಪ್ಪಿಹೋಯಿತು. ಏಪ್ರಿಲ್ ೧೧ರಂದು ಗೌಡರು ಸಭೆಯ ವಿಶ್ವಾಸವನ್ನು ಕೋರಿದರು. ಪರವಾಗಿ ೧೫೮, ವಿರುದ್ಧವಾಗಿ ೨೯೨ ಮತಗಳು ಬಂದವು, ಅವರು ರಾಜೀನಾಮೆಯಿತ್ತರು. ಏಪ್ರಿಲ್ ೨೧ರಂದು ಅದೇ ರಂಗದ ಗುಜ್ರಾಲರು ಅಧಿಕಾರ ವಹಿಸಿಕೊಳ್ಳುವವರೆಗೆ ರಾಜ್ಯಭಾರವು ನಿಲ್ಲಲಿಲ್ಲ.

ಇದು ಕನ್ನಡಿಗರಿಗೆ ಆದ ಅವಮಾನವೆ? ಅಲ್ಲ. ೧೯೯೯ರ ಏಪ್ರಿಲ್‌ನಲ್ಲಿ ವಾಜಪೇಯಿಯವರು ಇದೇ ಸಭೆಯಲ್ಲಿ ೨೬೯ಕ್ಕೆ ೨೭೦, ಎಂದರೆ ಒಂದೇ ಒಂದು ಮತದಿಂದ ಸೋತರು. ಅವರೂ ಮರುಮಾತಿಲ್ಲದೆ ರಾಜೀನಾಮೆಯಿತ್ತರು. ಸೇನೆ ಕದಲಲಿಲ್ಲ, ಸೋತವರು ಸೆರೆಮನೆಗೆ ಹೋಗಲಿಲ್ಲ. ಮತಗಳ ಎಣಿಕೆಯೇ ತೀರ್ಪಾಯಿತು. ಸಂಸದೀಯ ಪದ್ಧತಿಯ ಹಿರಿಮೆಯಿರುವುದು ಇಲ್ಲಿ.

ವಿದ್ಯಾರ್ಥಿಗಳೇ, ಈ ನಗರದಲ್ಲಿ ನಾವು ಎಣಿಕೆಯಲ್ಲಿ ಸ್ವಲ್ಪ ಮಂದಿ. ೪೬ ಸ್ಥಾನಗಳ ಪಕ್ಷದವರೊಬ್ಬರು ದೇಶವನ್ನು ನಡೆಸಿದುದು ಇತರರು ಅವರಲ್ಲಿ ವಿಶ್ವಾಸವಿಟ್ಟುದರಿಂದ ಎಂಬುದನ್ನು ಮರೆಯದಿರೋಣ. ಆ ವಿಶ್ವಾಸವನ್ನು ಗಳಿಸುವುದೂ, ಅದು ತಪ್ಪಿದಾಗ ಗೌರವದಿಂದ ಸ್ಥಾನವನ್ನು ಬಿಟ್ಟುಕೊಡುವುದೂ ತರಗತಿಯ ನಾಯಕನಿಂದ ದೇಶದ ನಾಯಕನವರೆಗೆ ಎಲ್ಲರೂ ಕಲಿಯಬೇಕಾದ ಪಾಠ.