ನೆರೆಮನೆಯ ಪೊಂಗಲ್ ಮತ್ತು ಪೌಲನ ಪತ್ರ

ತಮಿಳುನಾಡಿನ ಕಂಬಂ ಕಣಿವೆಯಲ್ಲಿ ಕ್ರೈಸ್ತರಾಗಿ ಬದುಕುವವರಿಗೆ, ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಎಂಟನೆಯ ಅಧ್ಯಾಯ ಸ್ಟೀಲ್ ಡಬ್ಬಿಯಲ್ಲಿ ಮನೆ ಬಾಗಿಲಿಗೇ ಬರುತ್ತದೆ. ತೈ ತಿಂಗಳಲ್ಲಿ ಪೊಂಗಲ್, ಆಡಿಯಲ್ಲಿ ಮಾರಿಯಮ್ಮನ ಗಂಜಿ, ಚಿತ್ತಿರೈಯಲ್ಲಿ ವೀರಪಾಂಡಿಯ ಗೌಮಾರಿಯಮ್ಮನ ಜಾತ್ರೆಗೆ ಹೋಗಿ ಬಂದವರ ಪ್ರಸಾದ, ನಡುನಡುವೆ ಯಾವುದೋ ಕರುಪ್ಪಸಾಮಿಗೆ ಹರಕೆ ತೀರಿಸಿದ ಆಡಿನ ಸಾರು. ವಿಗ್ರಹಕ್ಕೆ ಅರ್ಪಿಸಿದ್ದನ್ನು ವಿಶ್ವಾಸಿ ತಿನ್ನಬಹುದೇ ಎಂಬ ಪ್ರಶ್ನೆಗೆ ಇಲ್ಲಿ ಡಬ್ಬಿ ಹಿಡಿದು ನಿಂತವರ ಮುಖ ನೋಡುತ್ತಲೇ ಉತ್ತರ ಕೊಡಬೇಕು.

ನಾನು ಮೈಸೂರಿನ ಸಿ.ಎಸ್.ಐ. ಸಭೆಯಲ್ಲಿ ಬೆಳೆದವಳು. ಬ್ಯಾಂಕಿನ ವರ್ಗಾವಣೆ ಕಂಬಂಗೆ ಕರೆತಂದಾಗ ಬಾಡಿಗೆಗೆ ಮನೆ ಸಿಕ್ಕಿದ್ದು ಕಪ್ಪಿಲಿಯರ ಬೀದಿಯಲ್ಲಿ. ಕಪ್ಪಿಲಿಯರು ಒಕ್ಕಲಿಗರು, ಹಲವು ತಲೆಮಾರುಗಳ ಹಿಂದೆ ಕನ್ನಡ ನಾಡಿನಿಂದ ಬಂದು ನೆಲೆಸಿದವರು. ಪೇಟೆಯಲ್ಲಿ ತಮಿಳು ಆಡಿದರೂ ಮನೆಯೊಳಗೆ ಅವರದು ಇಂದಿಗೂ ಕನ್ನಡವೇ, ಅದರೊಳಗೆ ತಮಿಳು ಎಷ್ಟೇ ಬೆರೆತಿರಲಿ. ಊರಿನಲ್ಲಿ ಅವರ ನಂದಗೋಪಾಲನ ತಂಬಿರಾನ್ ದೊಡ್ಡಿ ಇದೆ. ಅಲ್ಲಿನ ಹಸುಗಳು ದೇವರ ಹಸುಗಳು. ಮಾಟ್ಟು ಪೊಂಗಲ್ ದಿನ ಸುತ್ತಲ ಊರುಗಳಿಂದ ಜನ ಬಂದು ಅವುಗಳಿಗೆ ಕೈಮುಗಿಯುತ್ತಾರೆ. ಆ ಬೀದಿಯಲ್ಲಿ ನನ್ನ ಕನ್ನಡ ಕೇಳಿದ ಮೇಲೆ ನಾನು ಹೊರಗಿನವಳಾಗಿ ಉಳಿಯಲಿಲ್ಲ. ಪಕ್ಕದ ಮನೆಯ ಅಜ್ಜಿ ನನ್ನನ್ನು ತಮ್ಮ ಕಡೆಯ ಹುಡುಗಿ ಎಂದೇ ಎಲ್ಲರಿಗೂ ಹೇಳುತ್ತಿದ್ದರು. ಹಬ್ಬದ ಡಬ್ಬಿ ಅವರಿಂದಲೇ ಬರುತ್ತಿತ್ತು. ಮುಚ್ಚಳದ ಮೇಲೆ ವಿಭೂತಿಯ ಬೆರಳಚ್ಚು, ಒಳಗೆ ಬೆಲ್ಲ ಕರಗಿ ಕಂದಾದ ಅನ್ನ, ಅಂಚಿಗೆ ಅಂಟಿದ ತುಪ್ಪ, ಮೇಲೊಂದು ಬಾಳೆಹಣ್ಣಿನ ತುಂಡು.

ನಮ್ಮ ಸಭೆಯ ಕೆಲವರು ಇಂಥ ಡಬ್ಬಿಯನ್ನು ಬಾಗಿಲಲ್ಲೇ ಹಿಂತಿರುಗಿಸುತ್ತಾರೆ. ಇನ್ನು ಕೆಲವರು ನಗುತ್ತಾ ತೆಗೆದುಕೊಂಡು ಹಿತ್ತಲಲ್ಲಿ ಕೋಳಿಗೆ ಹಾಕುತ್ತಾರೆ. ಈ ಎರಡನೆಯದು ನನಗೆ ಎಂದೂ ಸರಿಕಂಡಿಲ್ಲ. ಕೊಟ್ಟವರ ಪ್ರೀತಿಗೂ ತಮ್ಮ ವಿಶ್ವಾಸಕ್ಕೂ ಒಟ್ಟಿಗೆ ಸುಳ್ಳು ಹೇಳಿದಂತಾಗುತ್ತದೆ ಅದು.

ಪೌಲನು ಈ ಪತ್ರ ಬರೆದದ್ದು ಕ್ರಿ.ಶ. 50ರ ದಶಕದ ಮಧ್ಯದಲ್ಲಿ, ಎಫೆಸದಿಂದ. ಕೊರಿಂಥದಲ್ಲಿ ಗುಡಿಗಳ ಜೊತೆಗೇ ಊಟದ ಕೋಣೆಗಳಿದ್ದವು. ಅಸ್ಕ್ಲೇಪಿಯಸ್ ಮತ್ತು ಡಿಮೀಟರ್ ಗುಡಿಗಳ ಬಳಿ ಅಂಥ ಕೋಣೆಗಳು ಉತ್ಖನನದಲ್ಲಿ ಸಿಕ್ಕಿವೆ. ಬಲಿಯ ಮಾಂಸದಲ್ಲಿ ಮಿಕ್ಕದ್ದು ಮಾರುಕಟ್ಟೆಗೂ ಬರುತ್ತಿತ್ತು. ಹಾಗಾಗಿ ಪೌಲನ ಮುಂದೆ ಇದ್ದದ್ದು ಒಂದೇ ಪ್ರಶ್ನೆಯಲ್ಲ. ಅಂಗಡಿಯಲ್ಲಿ ಕೊಂಡದ್ದನ್ನು ವಿಚಾರಣೆ ಮಾಡದೆ ತಿನ್ನಿ, ಭೂಮಿಯಲ್ಲಿ ಇರುವುದೆಲ್ಲ ಕರ್ತನದೇ ಎಂದ. ನಂಬದವರು ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ಉಣ್ಣಿ. ಆದರೆ ಇದು ಅರ್ಪಿಸಿದ್ದು ಎಂದು ಯಾರಾದರೂ ತಿಳಿಸಿದರೆ, ತಿಳಿಸಿದವನ ಮನಸ್ಸಾಕ್ಷಿಗಾಗಿ ಬಿಡಿ ಎಂದ. ಗುಡಿಯ ಪಂಕ್ತಿಯಲ್ಲಿ ಕೂತು ಆರಾಧನೆಯಲ್ಲಿ ಪಾಲುಗೊಳ್ಳುವುದನ್ನು ಮಾತ್ರ ಖಡಾಖಂಡಿತವಾಗಿ ಬೇಡವೆಂದ: ಕರ್ತನ ಮೇಜಿನಲ್ಲೂ ಅಲ್ಲಿಯೂ ಏಕಕಾಲಕ್ಕೆ ಕೂರಲಾಗದು. ಜಾಣರು ತಮ್ಮ ಜ್ಞಾನದ ಬಲದಿಂದ ತಿಂದು ಎಳೆ ಮನಸ್ಸಿನ ಸಹೋದರನನ್ನು ಎಡವಿಸುವುದಾದರೆ ತಾನು ಮಾಂಸವನ್ನೇ ಬಿಟ್ಟುಬಿಡುತ್ತೇನೆ ಎಂದೂ ಹೇಳಿದ.

ಬೈಬಲಿನಲ್ಲಿ ಇದಕ್ಕಿಂತ ಬಿಗಿಯಾದ ಮಾತೂ ಇದೆ. ಅಪೊಸ್ತಲರ ಕೃತ್ಯಗಳ 15ನೆಯ ಅಧ್ಯಾಯದಲ್ಲಿ ಯೆರೂಸಲೇಮಿನ ಹಿರಿಯರು ಅನ್ಯಜನರಿಂದ ಬಂದ ವಿಶ್ವಾಸಿಗಳಿಗೆ ಇಂಥ ಆಹಾರ ಬಿಡಿ ಎಂದೇ ಬರೆದು ಕಳಿಸಿದರು. ಪ್ರಕಟನೆಯಲ್ಲಿ ಪೆರ್ಗಮ, ಥುವತೈರ ಸಭೆಗಳಿಗೆ ಇದೇ ವಿಷಯದಲ್ಲಿ ಗದರಿಕೆಯಿದೆ. ತಿನ್ನಲಾರೆ ಎನ್ನುವವರನ್ನು ಅಜ್ಞಾನಿಗಳೆಂದು ಬದಿಗೆ ಸರಿಸುವ ಅಧಿಕಾರ ಯಾರಿಗೂ ಇಲ್ಲ.

ಅಜ್ಜಿಯ ಡಬ್ಬಿಯನ್ನು ನಾನು ತೆಗೆದುಕೊಂಡೆ, ತಿಂದೆ. ಅವರು ನನ್ನನ್ನು ಪೂಜೆಗೆ ಕರೆದಿರಲಿಲ್ಲ, ಹಬ್ಬದಡುಗೆ ಹಂಚಿದ್ದರು. ಆದರೆ ಗುಡಿಯೊಳಗೆ ಬಂದು ಮಂಗಳಾರತಿ ತೆಗೆದುಕೋ ಎಂದಾಗ, ಅದು ನನ್ನಿಂದಾಗದು ಎಂದು ನೇರವಾಗಿ ಹೇಳಿದೆ. ಅಜ್ಜಿಗೆ ಬೇಸರವಾಗಲಿಲ್ಲ. ವ್ರತ, ನೇಮ, ಹರಕೆಗಳ ಮಧ್ಯೆಯೇ ಬದುಕಿದವರಿಗೆ ಇನ್ನೊಬ್ಬರ ನೇಮ ಬೇಗ ಅರ್ಥವಾಗುತ್ತದೆ. ಮುಂದಿನ ಸಲ ಅವರೇ ಪೂಜೆಗೆ ಮುಂಚೆ ಒಂದು ಪಾಲು ತೆಗೆದಿಟ್ಟು ಕಳಿಸಿದರು. ನಾನು ಕೇಳಿರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ. ನಮ್ಮ ತಮಿಳು ಆರಾಧನೆಗೆ ಬರುವ ಹಿರಿಯ ಹೆಂಗಸೊಬ್ಬರು ಇಂಥ ಯಾವುದನ್ನೂ ಮುಟ್ಟುವುದಿಲ್ಲ. ಪೌಲನ ಭಾಷೆಯಲ್ಲಿ ಅವರು ಬಲಹೀನ ಮನಸ್ಸಾಕ್ಷಿಯವರು ಎಂದು ಸಭೆಯಲ್ಲಿ ಯಾರೋ ವಿವರಿಸಿದ್ದರು. ಒಂದು ದಿನ ಅವರ ಜೊತೆ ಬೀನ್ಸ್ ಬಿಡಿಸುತ್ತಾ ಕೂತಾಗ ಕಾರಣ ಕೇಳಿದೆ. ಅವರು ದಲಿತರು. ಅವರ ಬಾಲ್ಯದಲ್ಲಿ ಊರ ಗುಡಿಯ ಪೊಂಗಲ್ ಕೇರಿಗೆ ಎಲ್ಲರದೂ ಆದ ಮೇಲೆ ಬರುತ್ತಿತ್ತು. ಕೈಗೆ ಕೈ ತಾಗದಂತೆ ಮೇಲಿನಿಂದ ಸೆರಗಿಗೆ ಬೀಳಿಸುತ್ತಿದ್ದರು. ಅವರ ತಾಯಿ ಸೆರಗೊಡ್ಡಿ ನಿಂತ ಬಗೆಯನ್ನು ಅವರು ಎದ್ದು ನಿಂತು ತೋರಿಸಿದರು: ಎರಡೂ ಕೈಯಲ್ಲಿ ಬಟ್ಟೆ ಹಿಗ್ಗಿಸಿ, ತಲೆ ತಗ್ಗಿಸಿ, ಸೊಂಟ ಬಗ್ಗಿಸಿ. ದೀಕ್ಷಾಸ್ನಾನವಾದ ದಿನ ಇನ್ನು ಯಾರ ಮುಂದೆಯೂ ಸೆರಗೊಡ್ಡುವುದಿಲ್ಲ ಎಂದು ತೀರ್ಮಾನಿಸಿದರಂತೆ.

ಇದು ಬಲಹೀನತೆಯೇ? ಪೌಲನ ಬಲವಂತರು-ಬಲಹೀನರು ಎಂಬ ವಿಂಗಡಣೆ ನಮ್ಮ ನೆಲಕ್ಕೆ ಬಂದಾಗ ಹಾಗೇ ಕೂರುವುದಿಲ್ಲ. ಯಾರು ಯಾರ ಕೈಯಲ್ಲಿ ಉಣ್ಣುತ್ತಾರೆ, ಯಾರ ಕೈಯಲ್ಲಿ ಉಣ್ಣುವುದಿಲ್ಲ ಎಂಬುದರ ಮೇಲೆ ಇಲ್ಲಿ ಜಾತಿ ನಿಂತಿದೆ. ಟೀ ಅಂಗಡಿಯಲ್ಲಿ ದಲಿತರಿಗೆ ಬೇರೆ ಲೋಟ ಇಟ್ಟ ಸೀಮೆ ಇದು. ಇಂಥ ಕಡೆ ಮೇಲ್ಜಾತಿಯ ಮೂಲದ ಕ್ರೈಸ್ತನೊಬ್ಬ ನೆರೆಯವರ ಪೊಂಗಲ್ ಬೇಡವೆಂದರೆ ಅವರಿಗೆ ಅದು ಹಳೆಯ ಮೈಲಿಗೆಯ ಮಾತಾಗಿ ಕೇಳಿಸಬಹುದು. ಅದೇ ಬೇಡವೆಂಬ ಮಾತು ಈ ಹಿರಿಯ ಹೆಂಗಸಿನ ಬಾಯಲ್ಲಿ ಸ್ವಾಭಿಮಾನದ ಮಾತು. ಆ ದಿನದಿಂದ ಅವರು ಮನೆಗೆ ಬಂದಾಗ ಅಜ್ಜಿಯ ಡಬ್ಬಿಯನ್ನು ನಾನು ಹೊರಗೆ ತೆಗೆಯುವುದಿಲ್ಲ. ಪೌಲ ಹೇಳಿದ್ದನ್ನೇ ಮಾಡುತ್ತಿದ್ದೇನೆ, ಆದರೆ ಅವರ ಬಲಹೀನತೆಗೆ ರಿಯಾಯಿತಿ ಎಂದುಕೊಂಡು ಮಾಡುತ್ತಿಲ್ಲ, ಗೌರವದಿಂದ ಮಾಡುತ್ತಿದ್ದೇನೆ.

ಹಳೆಯ ಮಿಷನರಿಗಳಿಗೆ ಈ ಗಂಟು ಗೊತ್ತಿತ್ತು. 1834ರಲ್ಲಿ ಮಧುರೆಗೆ ಬಂದು ದಿಂಡಿಗಲ್‌ವರೆಗೂ ಹಬ್ಬಿದ ಅಮೆರಿಕನ್ ಮಿಷನ್, ಜಾತಿ ಬಿಟ್ಟದ್ದಕ್ಕೆ ಸಾಕ್ಷಿಯಾಗಿ ಎಲ್ಲರ ಜೊತೆ ಕೂತು ಉಣ್ಣಬೇಕೆಂದು ತನ್ನ ಸದಸ್ಯರನ್ನು ಕೇಳಿತು. ಅನೇಕರು ಒಪ್ಪಲಿಲ್ಲ. ವಿಗ್ರಹದ ಪ್ರಸಾದ ಬಿಡುವುದು ಅವರಿಗೆ ಸುಲಭವಾಗಿತ್ತು, ಸಹೋದರನ ಕೈ ಅಡುಗೆ ಉಣ್ಣುವುದು ಕಷ್ಟವಾಯಿತು.

ಪಾಲಾರ್‌ಪಟ್ಟಿಯಲ್ಲಿ ಇನ್ನೊಂದು ಬಗೆಯ ಪೊಂಗಲ್ ಇದೆ. ಕಣಿವೆಗೆ ನೀರು ತಂದ ಪೆರಿಯಾರ್ ಅಣೆಕಟ್ಟನ್ನು 1895ರಲ್ಲಿ ಕಟ್ಟಿ ಮುಗಿಸಿದ ಬ್ರಿಟಿಷ್ ಎಂಜಿನಿಯರ್ ಜಾನ್ ಪೆನ್ನಿಕ್ವಿಕ್ ಹುಟ್ಟಿದ್ದು 1841ರ ಜನವರಿ 15ರಂದು. ಅದು ಪೊಂಗಲ್ ಹಬ್ಬದ ಹೊತ್ತೇ. ಅವರ ಹೆಸರಿನಲ್ಲಿ ಆ ಊರಿನವರು ಅಂದು ಪೊಂಗಲ್ ಇಡುತ್ತಾರೆ. ಕಣಿವೆಯ ಮನೆಗಳಲ್ಲಿ ಅವರ ಪಟ ಇದೆ, ಮಕ್ಕಳಿಗೆ ಅವರ ಹೆಸರಿದೆ. ಆ ಅನ್ನ ಆರಾಧನೆಯೋ ಕೃತಜ್ಞತೆಯೋ ಎಂದು ಸಭೆಯ ಯುವಕರು ನನ್ನೆದುರು ಬಹಳ ಹೊತ್ತು ಚರ್ಚಿಸಿದ್ದಾರೆ. ನನ್ನ ಉತ್ತರ ಸರಳ: ಕುಡಿಯುವ ನೀರಿಗೆ ಋಣ ಹೇಳುವ ಊಟ ಅದು, ಉಣ್ಣಬಹುದು.

ದಿಂಡಿಗಲ್‌ನ ಮುತ್ತಳಗುಪಟ್ಟಿಯಲ್ಲಿ ಈ ಪ್ರಶ್ನೆ ತಿರುವುಮುರುವಾಗುತ್ತದೆ. ಅಲ್ಲಿನ ಸಂತ ಸೆಬಾಸ್ಟಿಯನ್ನರ ಹಬ್ಬಕ್ಕೆ ಹರಕೆ ಹೊತ್ತವರು ಆಡು, ಕೋಳಿ, ಅಕ್ಕಿ, ತರಕಾರಿ ತಂದೊಪ್ಪಿಸುತ್ತಾರೆ. ರಾತ್ರಿಯಿಡೀ ಬೇಯಿಸಿ ಬಂದವರಿಗೆಲ್ಲ ಬಡಿಸುತ್ತಾರೆ. ಹರಕೆ ತರುವವರಲ್ಲೂ ಉಣ್ಣುವವರಲ್ಲೂ ಹಿಂದೂಗಳು ಧಾರಾಳವಾಗಿದ್ದಾರೆ. ನಮ್ಮ ಪ್ರಾಟೆಸ್ಟಂಟ್ ಮನಸ್ಸಿಗೆ ಸಂತರ ಹರಕೆ ಒಗ್ಗುವುದಿಲ್ಲ, ಅದು ಬೇರೆ ಮಾತು. ಆದರೆ ನಮ್ಮ ಇಗರ್ಜಿಯ ಊಟವನ್ನು ಅವರು ಎರಡು ಮಾತಿಲ್ಲದೆ ಉಣ್ಣುವಾಗ, ಅವರ ಊಟದ ಬಗ್ಗೆ ನಾವು ಆಡುವ ಮಾತಿನ ದನಿ ಹೇಗಿರಬೇಕು ಎಂಬುದನ್ನಾದರೂ ಯೋಚಿಸಬೇಕು.

ಕರ್ನಾಟಕದಲ್ಲಿ 2022ರ ಯುಗಾದಿಯ ಹೊಸತೊಡಕಿನ ಹೊತ್ತಿಗೆ ಹಲಾಲ್ ಮಾಂಸ ಬೇಡವೆಂಬ ಅಭಿಯಾನ ಎದ್ದಾಗ, ಕ್ರೈಸ್ತರೂ ಬಿಡಬೇಕೇ ಎಂದು ಬಂಧುಗಳು ಫೋನಿನಲ್ಲಿ ಕೇಳಿದ್ದರು. ಅಂಗಡಿಯ ಮಾಂಸದ ಬಗ್ಗೆ ಪೌಲನ ಮಾತು ಸ್ಪಷ್ಟವಾಗಿಯೇ ಇದೆ. ಕಂಬಂ, ಉತ್ತಮಪಾಳ್ಯಂಗಳಲ್ಲಿ ಮುಸ್ಲಿಮರ ಅಂಗಡಿಯಿಂದ ಎಲ್ಲರೂ ಮಾಂಸ ಕೊಳ್ಳುತ್ತಾರೆ, ನಾನೂ ಕೊಂಡಿದ್ದೇನೆ. ಇನ್ನೊಬ್ಬರ ಅಂಗಡಿ ಮುಚ್ಚಿಸಲು ಆ ಪತ್ರವನ್ನು ಬಳಸುವುದು ಅನ್ಯಾಯ.

ಸಭೆಗಳಲ್ಲಿ ಬೋಧಿಸುವವರಲ್ಲಿ ಒಂದು ವಿನಂತಿ. ಎಂಟನೆಯ ಅಧ್ಯಾಯವನ್ನಷ್ಟೇ ಓದಿ ನಿಲ್ಲಿಸಬೇಡಿ, ಹತ್ತರವರೆಗೆ ಒಟ್ಟಿಗೆ ಓದಿ. ಅಲ್ಲಿಂದ ಹನ್ನೊಂದಕ್ಕೂ ಹೋಗಿ. ಅನುಕೂಲಸ್ಥರು ಮೊದಲೇ ಉಂಡು ತಣಿದು, ಬಡವರು ಹಸಿದು ಕೂತ ಕರ್ತನ ಭೋಜನದ ಬಗ್ಗೆ ಪೌಲನು ಅಲ್ಲಿ ಕಟುವಾಗಿ ಬರೆದಿದ್ದಾನೆ. ಓದಿದ ಮೇಲೆ ನಿಮ್ಮ ಸಭೆಯ ಹಬ್ಬದೂಟದಲ್ಲಿ ಯಾರು ಅಡುಗೆ ಮಾಡುತ್ತಾರೆ, ಯಾರು ಬಡಿಸುತ್ತಾರೆ, ಕೊನೆಯ ಪಂಕ್ತಿಯಲ್ಲಿ ಯಾರು ಕೂರುತ್ತಾರೆ ಎಂದು ಒಮ್ಮೆ ನೋಡಿ.